ಇಬ್ಬರೇ ಇದ್ದಾಗಿನ ದನಿ

ನಿಜಲಿಂಗಪ್ಪ ಬಡಾವಣೆಯ ಟೀ ಅಂಗಡಿ ಮುಂದೆ ಯಡಿಯೂರಪ್ಪನವರ ಮಾತು ಬಂತು ಅಂದ್ರೆ ಇರೋದು ಎರಡೇ ಕಥೆ. ರೈಸ್‌ಮಿಲ್ ಗುಮಾಸ್ತ ಮುಖ್ಯಮಂತ್ರಿ ಆದದ್ದು ಒಂದು, ಆಪರೇಷನ್ ಕಮಲ ಇನ್ನೊಂದು. ಅಭಿಮಾನಿಗಳು ಮೊದಲನೇದು ಹೇಳ್ತಾರೆ, ಆಗದವರು ಎರಡನೇದು. ಅವರ ಆರಂಭದ ಶಾಸಕ ವರ್ಷಗಳು ಮಾತ್ರ ಯಾರಿಗೂ ಬೇಡ. ನನ್ನ ತಕರಾರು ಇರೋದು ಇಲ್ಲೇ.

1983ರಲ್ಲಿ ಅವರು ಶಿಕಾರಿಪುರದಿಂದ ಮೊದಲ ಸಲ ಗೆದ್ದಾಗ ಬಿಜೆಪಿಗೆ 18 ಸೀಟು, ಹೆಗಡೆ ಸರ್ಕಾರಕ್ಕೆ ಹೊರಗಿನ ಬೆಂಬಲ. 1985ರಲ್ಲಿ 224ರ ಸದನಕ್ಕೆ ಬಂದವರು ಇಬ್ಬರೇ: ಇವರು ಮತ್ತು ಬೆಳ್ತಂಗಡಿಯ ವಸಂತ ಬಂಗೇರ. 1989ರಲ್ಲಿ ನಾಲ್ವರು. ಇಷ್ಟು ಜನ ಇಟ್ಕೊಂಡು ಸರ್ಕಾರ ಬೀಳಿಸೋದಿರಲಿ, ಒಂದು ಮಸೂದೆ ತಡೆಯೋಕೂ ಆಗಲ್ಲ. ಎದ್ದು ನಿಂತು ಕೇಳಬೇಕು, ಅಷ್ಟೇ. ಕೇಳೋಕೆ ವಿಷಯ ಬೇಕು. ಅವರಿಗೆ ಅದು ಸಿಕ್ಕಿದ್ದು ಜೀತಗಾರರಲ್ಲಿ, ಬಗರ್‌ಹುಕುಂ ರೈತರಲ್ಲಿ. 1994ಕ್ಕೆ ಸೀಟು 40 ಆಯ್ತು, ಅವರು ವಿರೋಧ ಪಕ್ಷದ ನಾಯಕರಾದರು.

ನಮ್ಮೂರು ಹೊನ್ನಾಳಿ ತಾಲ್ಲೂಕು, 1997ರವರೆಗೆ ಶಿವಮೊಗ್ಗ ಜಿಲ್ಲೆಯೇ. ಅಪ್ಪ ಎರಡು ಎಕರೆ ಬಗರ್‌ಹುಕುಂ ಉಳ್ತಿದ್ದ. ಬಿಜೆಪಿಗೆ ಓಟು ಹಾಕಿದವನೇ ಅಲ್ಲ. ಆದರೂ "ಆವಯ್ಯ ನಮ್ಮ ಪರ ಕೂಗ್ತಾನಪ್ಪ" ಅಂತಿದ್ದ. ಓಟು ಹಾಕದವನ ಪರವಾಗಿಯೂ ಮಾತಾಡೋದಕ್ಕೇ ವಿರೋಧ ಪಕ್ಷ ಅನ್ನೋದು.

2008ರಲ್ಲಿ 110 ಸೀಟು ಬಂತು, ಬಹುಮತಕ್ಕೆ ಮೂರು ಕಡಿಮೆ. ಪಕ್ಷೇತರರ ಬೆಂಬಲದಿಂದ ಸರ್ಕಾರ ಆಯ್ತು. ಆಮೇಲೆ ಎದುರು ಸಾಲಿನ ಶಾಸಕರ ರಾಜೀನಾಮೆ, ಡಿಸೆಂಬರ್‌ನಲ್ಲಿ 8 ಕಡೆ ಉಪಚುನಾವಣೆ, ಬಿಜೆಪಿಗೆ ಐದು. 2019ರಲ್ಲಿ ಅದೇ ಸೂತ್ರ ಇನ್ನೂ ದೊಡ್ಡದಾಗಿ. ಪಕ್ಷಾಂತರ ನಿಷೇಧ ಕಾಯ್ದೆ ಬಂದದ್ದು, ತಮಾಷೆ ನೋಡಿ, ಅವರು ಇಬ್ಬರಲ್ಲಿ ಒಬ್ಬರಾಗಿ ಕೂತ ಅದೇ 1985ರಲ್ಲಿ. ರಾಜೀನಾಮೆ ಕೊಟ್ಟು ಮತ್ತೆ ಜನರ ಮುಂದೆ ನಿಂತವರನ್ನ ಆ ಕಾಯ್ದೆ ಕೂಡ ಹಿಡಿದಿಡಲಿಲ್ಲ.

ಪಕ್ಷಾಂತರ ಇವರು ಕಂಡುಹಿಡಿದದ್ದಲ್ಲ, ಒಪ್ಪೋಣ. "ಸ್ಥಿರ ಸರ್ಕಾರ ಬೇಕಲ್ವಾ?" ಅಂತ ಆಫೀಸಿನ ಗೆಳೆಯರು ಕೇಳ್ತಾರೆ. ಸ್ಥಿರತೆ ಎಲ್ಲಿ ಬಂತು? ನಾಲ್ಕು ಸಲ ಮುಖ್ಯಮಂತ್ರಿ ಆದರೂ ಒಂದು ಅವಧಿಯನ್ನೂ ಅವರು ಪೂರ್ತಿ ಮುಗಿಸಲಿಲ್ಲ. ನಮ್ಮ ಭಾಷೆಯಲ್ಲೇ ಹೇಳ್ತೀನಿ: ಟೆಸ್ಟರ್‌ಗಳನ್ನೆಲ್ಲ ಡೆವಲಪ್‌ಮೆಂಟ್ ಟೀಮಿಗೆ ಎಳ್ಕೊಂಡ್ರೆ ರಿಲೀಸ್ ಬೇಗ ಆಗಬಹುದು, ಬಗ್ ಹಿಡಿಯೋರು ಯಾರು?

ಬೇರೆ ಯಾರಾದರೂ ಹೀಗೆ ಮಾಡಿದ್ದರೆ ನನಗೆ ಇಷ್ಟು ಬೇಜಾರಾಗ್ತಿರಲಿಲ್ಲ. ಎದುರು ಸಾಲಿನ ಬೆಲೆ ಇವರಿಗಿಂತ ಚೆನ್ನಾಗಿ ಗೊತ್ತಿದ್ದವರು ಕಡಿಮೆ. ತಾವು ಬೆಳೆದ ಬೆಂಚನ್ನೇ ಅವರು ಖಾಲಿ ಮಾಡಿದರು.

ಅಪ್ಪನ ಅರ್ಜಿ ಇನ್ನೂ ಬಾಕಿ ಇದೆ. ಸರ್ಕಾರಗಳು ಬಂದವು, ಹೋದವು. ಯಾರ ಸರ್ಕಾರ ಅಂತ ಅವನು ಈಗ ಕೇಳೋದೇ ಇಲ್ಲ. "ಅಲ್ಲಿ ನಮ್ಮ ಪರ ಕೂಗೋರು ಯಾರಿದಾರೆ?" ಅಂತ ಕೇಳ್ತಾನೆ. ನನ್ನ ಹತ್ರ ಹೇಳೋಕೆ ಒಂದು ಹೆಸರಿಲ್ಲ.