ತವರು ಅಂಕಣ

ದಿನಪತ್ರಿಕೆಯ ಕ್ರೀಡಾಪುಟ ಬಂದ ಕೂಡಲೇ ನಮ್ಮಲ್ಲಿ ಅನೇಕ ಹೆಂಗಸರು ಅದನ್ನು ಮಗುಚಿ ಹಾಕಿ ಮುಂದೆ ಹೋಗುತ್ತಾರೆ. ನಾನು ಒಂದು ಗಳಿಗೆ ನಿಂತು ನೋಡುವವಳು. ಯಾಕೆಂದರೆ ಆ ಪುಟದಲ್ಲಿ ನಮ್ಮದೇ ಒಂದು ಶಬ್ದ ಬಹಳ ವರ್ಷಗಳಿಂದ ಓಡಾಡಿಕೊಂಡಿದೆ. ಅದು ತವರು. 'ತವರಿನಲ್ಲಿ ಮೊದಲ ಗೆಲುವು', 'ತವರಿನ ಅಭಿಮಾನಿಗಳೆದುರು ಮುಖಭಂಗ', 'ತವರು ಅಂಗಳದ ಲಾಭ' ಎಂದೆಲ್ಲ ತಲೆಬರಹಗಳಿರುತ್ತವೆ. ಗಂಡಸರಿಗೆ ಮನೆ ಇರುತ್ತದೆ, ಊರು ಇರುತ್ತದೆ. ತವರು ಎನ್ನುವುದು ಹುಟ್ಟಿದ ಮನೆ ಬಿಟ್ಟು ಹೊರಟವಳಿಗೆ ಮಾತ್ರ ಇರುವಂಥದ್ದು. ಬಿಟ್ಟು ಹೋಗದವರಿಗೆ ಆ ಶಬ್ದದ ಅಗತ್ಯವೇ ಬೀಳುವುದಿಲ್ಲ. ನಮ್ಮಿಂದ ಕಡ ಒಯ್ದ ಪಾತ್ರೆಯನ್ನು ಪಕ್ಕದ ಮನೆಯವರು ಹೇಗೆ ಇಟ್ಟುಕೊಂಡಿದ್ದಾರೆ ಎಂದು ಇಣುಕಿ ನೋಡುವ ಹಕ್ಕು ನಮಗೆ ಇದ್ದೇ ಇದೆಯಲ್ಲ!

ಆ ಕುತೂಹಲದಿಂದಲೇ 2023ರ ಡಿಸೆಂಬರಿನಲ್ಲಿ, ಬೆಂಗಳೂರಿಗೆ ಹೋದವಳು, ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ಪ್ರೊ ಕಬಡ್ಡಿಯ ಒಂದು ಪಂದ್ಯ ನೋಡಿ ಬಂದೆ. 'ಬೆಂಗಳೂರು ಬುಲ್ಸ್' ತಂಡ ತನ್ನ ತವರಿನಲ್ಲಿ ಆಡುವ ಸರದಿ ಅದು. ಜೊತೆಗಿದ್ದವಳು ತಮ್ಮನ ಮಗಳು. ಕಾಲೇಜಿನ ತಂಡದಲ್ಲಿ ಎಡ ಮೂಲೆಯಲ್ಲಿ ನಿಂತು ಆಡುವವಳು. ಅವಳ ಮೊಣಕೈ ಮೊಣಕಾಲುಗಳ ಗಾಯದ ಕಲೆ ನೋಡಿ ನಮ್ಮ ಮನೆಯ ಹಿರಿಯರು ಮದುವೆಯ ಮಾತೆತ್ತಿ ನಿಟ್ಟುಸಿರು ಬಿಡುವುದುಂಟು.

ಮೊದಲು ಒಳ್ಳೆಯದನ್ನು ಹೇಳಿಬಿಡುತ್ತೇನೆ. ಆಟ ಚೆಂದವಿತ್ತು. ಟೀವಿಯಲ್ಲಿ ನೋಡಿದವರಿಗೆ ಕಬಡ್ಡಿಯ ಭಾರ ತಿಳಿಯುವುದಿಲ್ಲ. ಎಂಬತ್ತು ಕಿಲೋ ತೂಗುವ ಆಳು ಮ್ಯಾಟಿನ ಮೇಲೆ ಬಿದ್ದಾಗ ಬರುವ ಸದ್ದು ನೇರವಾಗಿ ನಮ್ಮ ಹೊಟ್ಟೆಗೇ ತಾಗುತ್ತದೆ. ಏಳು ಜನ ಕೈ ಕೈ ಹಿಡಿದು ಕಮಾನಿನ ಹಾಗೆ ಬಾಗಿ ಕಾಯುತ್ತಾರೆ. ಒಬ್ಬ ಒಳಗೆ ನುಗ್ಗುತ್ತಾನೆ. ನಾನು ಎಲ್ಲರ ಹಾಗೆ ಅವನ ಮುಖವನ್ನೇ ನೋಡುತ್ತಿದ್ದೆ. ಹುಡುಗಿ ನನ್ನ ಮಂಡಿ ತಟ್ಟಿ, "ಅತ್ತೇ, ಮುಖ ನೋಡಬೇಡ, ಕಾಲು ನೋಡು. ಮುಖ ಸುಳ್ಳು ಹೇಳ್ತದೆ, ಹಿಮ್ಮಡಿ ಹೇಳೂದಿಲ್ಲ" ಎಂದಳು. ಆಮೇಲೆ ಪಂದ್ಯವೇ ಬೇರೆಯಾಯಿತು. ದಾಳಿಗೆ ಬಂದವನು ಎಡಕ್ಕೆ ಕಣ್ಣು ಹಾಯಿಸಿದರೂ ಬಲ ಹಿಮ್ಮಡಿ ನೆಲದಿಂದ ಎದ್ದಿರುತ್ತದೆ. ಮೂಲೆಯ ಆಟಗಾರ ಅದನ್ನೇ ಕಾದು ಪಾದಕ್ಕೆ ಬೀಳುತ್ತಾನೆ. ರಕ್ಷಣೆಗೆ ಮೂರು ಜನ ಅಥವಾ ಇನ್ನೂ ಕಡಿಮೆ ಉಳಿದಿದ್ದಾಗ ಹಿಡಿದು ಉರುಳಿಸಿದರೆ ಎರಡು ಅಂಕ. ಅದಕ್ಕೆ ಸೂಪರ್ ಟ್ಯಾಕಲ್ ಎನ್ನುತ್ತಾರೆ. ಜನ ಕಡಿಮೆಯಾದಷ್ಟೂ ಸಾಹಸಕ್ಕೆ ಬೆಲೆ ಹೆಚ್ಚು ಎನ್ನುವ ಈ ನಿಯಮವನ್ನು ಕೂಡುಕುಟುಂಬ ಒಡೆದ ಮೇಲೆ ಒಬ್ಬಳೇ ಮನೆ ತೂಗಿಸಿದ ಯಾವ ಹೆಂಗಸೂ ತಕ್ಷಣ ಒಪ್ಪಿಕೊಳ್ಳುತ್ತಾಳೆ.

ಇನ್ನೊಂದು ಒಳ್ಳೆಯದು, ಕುಳಿತುಕೊಳ್ಳುವ ಜಾಗ. ನನ್ನ ತವರು ಗೇರುಸೊಪ್ಪ. ಭತ್ತದ ಕೊಯ್ಲು ಮುಗಿದ ಮೇಲೆ ಶರಾವತಿಯ ಈ ಬದಿ ಆ ಬದಿಯ ಊರುಗಳಲ್ಲಿ, ಹೊನ್ನಾವರದವರೆಗೂ, 'ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿ' ಎಂಬ ಬ್ಯಾನರು ಕಟ್ಟುವುದು ವಾಡಿಕೆ. ಗದ್ದೆಯಲ್ಲೋ ಶಾಲೆಯ ಮೈದಾನದಲ್ಲೋ ಗೂಟ ನೆಟ್ಟು ದೀಪ ಕಟ್ಟುತ್ತಾರೆ. ಮೈಕಿನಲ್ಲಿ ವೀಕ್ಷಕ ವಿವರಣೆಗಿಂತ ದಾನಿಗಳ ಹೆಸರೇ ಹೆಚ್ಚು. ಹಗ್ಗದ ಸುತ್ತ ಗಂಡಸರು. ಬೆಳಕು ಮುಗಿದು ಕತ್ತಲೆ ಶುರುವಾಗುವ ಅಂಚು ಹೆಂಗಸರದು. ಅಲ್ಲಿಂದ ಕಾಣುವುದು ಆಟಗಾರರ ತಲೆ ಮಾತ್ರ. ಒಂಬತ್ತಾಗುತ್ತಲೇ ಊಟಕ್ಕೆ ಬಡಿಸಬೇಕೆಂದು ಮನೆಗೆ ಹೊರಡಬೇಕು. ಫೈನಲ್ ನಡೆಯುವುದು ನಡುರಾತ್ರಿ ಕಳೆದ ಮೇಲೆ. ಕಾಳುಮೆಣಸಿನ ರಾಣಿ ಎಂದು ಪೋರ್ಚುಗೀಸರಿಂದ ಕರೆಸಿಕೊಂಡ ಚೆನ್ನಭೈರಾದೇವಿ ಆಳಿದ ಊರಿನಲ್ಲಿ ನಾನು ಹುಟ್ಟಿ ಬೆಳೆದದ್ದು ನಿಜ. ಆದರೆ ಒಂದು ಫೈನಲನ್ನು ಪೂರ್ತಿ ಕೂತು ನೋಡಿದ್ದು ನೆನಪಿಲ್ಲ. ಬೆಂಗಳೂರಿನಲ್ಲಿ ಚೀಟಿಯ ಮೇಲೆ ಸಂಖ್ಯೆ ಇತ್ತು, ಆ ಸಂಖ್ಯೆಯ ಕುರ್ಚಿ ನನ್ನದಾಗಿತ್ತು. ನನ್ನ ಹಿಂದಿನ ಸಾಲಿನಲ್ಲಿ ನನ್ನದೇ ವಯಸ್ಸಿನ ಒಬ್ಬರು ಹೆಂಗಸು ಸೆರಗು ಸೊಂಟಕ್ಕೆ ಸಿಕ್ಕಿಸಿ ಗಂಟಲು ಬಿರಿಯುವ ಹಾಗೆ ಕೂಗುತ್ತಿದ್ದರು. ಯಾರೂ ತಿರುಗಿ ನೋಡಲಿಲ್ಲ. ಊರಿನ ಕಬಡ್ಡಿಯನ್ನು ಹೊಗಳುವ ಭರದಲ್ಲಿ ಈ ಲಾಭವನ್ನು ಮರೆಯಬಾರದು.

ಇನ್ನು ನನ್ನ ತಕರಾರು.

ಕಬಡ್ಡಿ ಉಸಿರಿನ ಆಟ. ಒಂದೇ ಉಸಿರಿನಲ್ಲಿ ಕಬಡ್ಡಿ ಕಬಡ್ಡಿ ಎನ್ನುತ್ತ ಎದುರಾಳಿಯ ಮನೆಗೆ ಹೋಗಿ, ಉಸಿರು ಮುಗಿಯುವ ಮೊದಲು ವಾಪಸು ಬರಬೇಕು. ಆ ಸದ್ದು ಕಿವಿಗೆ ಬೀಳುವಂತಿರಬೇಕೆಂಬುದು ಇಂದಿಗೂ ನಿಯಮ. ನಮ್ಮ ಕಡೆ ಕತ್ತಲ ಅಂಚಿನಲ್ಲಿ ನಿಂತ ನಮಗೆ ಕಾಲು ಕಾಣದಿದ್ದರೂ ಈ ಸದ್ದು ಕೇಳುತ್ತಿತ್ತು. ಯಾರ ದನಿ ಸಣ್ಣಗಾಗುತ್ತಿದೆ, ಯಾರಲ್ಲಿ ಇನ್ನೂ ದಮ್ಮಿದೆ ಎಂದು ಕಿವಿಯಿಂದಲೇ ಆಟ ನೋಡುತ್ತಿದ್ದೆವು. ಈ ದೊಡ್ಡ ಆಟದಲ್ಲಿ ದಾಳಿಗೆ 30 ಸೆಕೆಂಡು. ಅದನ್ನು ಎಣಿಸುವುದು ಗಡಿಯಾರ. ಎರಡು ಖಾಲಿ ದಾಳಿಯ ನಂತರ ಮೂರನೆಯದರಲ್ಲಿ ಅಂಕ ತಾರದಿದ್ದರೆ ದಾಳಿಗಾರನೇ ಔಟು. ನಿಯಮ ಜಾಣತನದ್ದೇ. ಕಾಲ ತಳ್ಳುವ ಸೋಮಾರಿ ಆಟ ಇದರಿಂದ ತಪ್ಪಿತು, ಕೊನೆಯ ನಿಮಿಷದವರೆಗೂ ಬಿಗಿ ಉಳಿಯಿತು. ಆದರೆ ಹಾಡು, ಡೋಲು, ಘೋಷಣೆಗಳು ಒಂದರ ಬೆನ್ನಿಗೊಂದು ಬರುವಾಗ ಉಸಿರಿನ ಸದ್ದಿಗೆ ಜಾಗ ಎಲ್ಲಿ? ಆಟದ ಹೆಸರನ್ನು ಆಟಗಾರನೇ ಉಚ್ಚರಿಸುತ್ತ ಆಡುವ ಆಟ ಜಗತ್ತಿನಲ್ಲಿ ಇನ್ನೆಷ್ಟಿವೆ? ಅದನ್ನೇ ಮುಚ್ಚಿಹಾಕುವುದು ಯಕ್ಷಗಾನದಲ್ಲಿ ಭಾಗವತರ ದನಿ ಕೇಳದ ಹಾಗೆ ಜನರೇಟರನ್ನು ರಂಗದ ಪಕ್ಕಕ್ಕೇ ತಂದಿಟ್ಟಂತೆ.

ಇದಕ್ಕಿಂತ ದೊಡ್ಡ ತಕರಾರು ತವರಿನದೇ.

ಪ್ರೊ ಕಬಡ್ಡಿ ಶುರುವಾದದ್ದು 2014ರಲ್ಲಿ. ಎಂಟು ಊರು, ಎಂಟು ತಂಡ, ಪ್ರತಿ ತಂಡಕ್ಕೂ ತನ್ನ ಊರಿನಲ್ಲಿ ಆಡುವ ಸರದಿ ಎಂಬ ಏರ್ಪಾಡು ಚೆಂದವಾಗಿತ್ತು. ಆಮೇಲಿನ ಕತೆ ನೋಡಿ. 2017ರಲ್ಲಿ ಬೆಂಗಳೂರಿನ ತಂಡದ 'ತವರಿನ' ಪಂದ್ಯಗಳು ನಡೆದದ್ದು ನಾಗಪುರದಲ್ಲಿ. 2018ರಲ್ಲಿ ಪುಣೆಯಲ್ಲಿ. ಅದೇ ಋತುವಿನಲ್ಲಿ, 2019ರ ಜನವರಿ 5ರಂದು ಮುಂಬಯಿಯಲ್ಲಿ, ಬುಲ್ಸ್ ಗುಜರಾತನ್ನು 38–33ರಿಂದ ಸೋಲಿಸಿ ಮೊದಲ ಸಲ ಪ್ರಶಸ್ತಿ ಗೆದ್ದಿತು. ಪವನ್ ಸೆಹ್ರಾವತ್ ಒಬ್ಬನೇ 22 ಅಂಕ ತಂದಿದ್ದ. ಅಂದರೆ ತವರಿನಲ್ಲಿ ಒಂದೂ ಪಂದ್ಯ ಆಡದ ವರ್ಷವೇ ತಂಡ ಗೆದ್ದಿತು. ಕೊರೊನಾ ಕಾಲದ 2021–22ರಲ್ಲಿ ಎಲ್ಲ ತಂಡಗಳೂ ಬೆಂಗಳೂರಿಗೇ ಬಂದವು. ಆಗ ಆಟ ಹೋಟೆಲಿನ ಸಭಾಂಗಣದಲ್ಲಿ, ಪ್ರೇಕ್ಷಕರಿಲ್ಲದೆ. 2022 ಮತ್ತು 2023ರಲ್ಲಿ ಕಂಠೀರವಕ್ಕೆ ಮರಳಿತು. 2024ರಲ್ಲಿ ಹೈದರಾಬಾದ್, ನೋಯ್ಡಾ, ಪುಣೆ. 2025ರಲ್ಲಿ ವಿಶಾಖಪಟ್ಟಣ, ಜೈಪುರ, ಚೆನ್ನೈ, ದೆಹಲಿ. ಬೆಂಗಳೂರಿನ ಹೆಸರು ತಂಡದ ಅಂಗಿಯ ಮೇಲಷ್ಟೇ ಉಳಿಯಿತು. ನಾನು 2023ರಲ್ಲಿ ನೋಡಿದ ಪಂದ್ಯ ಈಗ ಹಿಂದಿರುಗಿ ನೋಡಿದರೆ, ಹಬ್ಬಕ್ಕೆ ಬಂದ ಮಗಳು ಮುಂದಿನ ಹಬ್ಬದ ಮಾತೆತ್ತದೆ ಹೊರಟ ಹಾಗೆ ಕಾಣುತ್ತದೆ.

ಹೊರದೇಶದ ವೃತ್ತಿಪರ ಆಟಗಳಲ್ಲಿ ಹೀಗಿಲ್ಲ. ಕೆನಡಾದ ಐಸ್ ಹಾಕಿಯನ್ನೇ ತೆಗೆದುಕೊಳ್ಳಿ. ಒಂದು ಋತುವಿನ ಪಂದ್ಯಗಳಲ್ಲಿ ಸರಿಯಾಗಿ ಅರ್ಧ ತವರಿನಲ್ಲಿ, ಅರ್ಧ ಎದುರಾಳಿಗಳ ಊರಿನಲ್ಲಿ. ಮಾಂಟ್ರಿಯಲ್ ನಗರದ ತಂಡ ಫೋರಂ ಎಂಬ ಒಂದೇ ಕ್ರೀಡಾಂಗಣದಲ್ಲಿ 1926ರಿಂದ 1996ರವರೆಗೆ, ಎಪ್ಪತ್ತು ವರ್ಷ ಆಡಿತು. ಅಜ್ಜಿ ಕುಳಿತ ಬೆಂಚಿನ ಮೇಲೆ ಮೊಮ್ಮಗಳು ಕುಳಿತುಕೊಳ್ಳುವಷ್ಟು ಕಾಲ ಅದು. ಚಕ್ಕಡಿ ಕಟ್ಟಿಕೊಂಡು ಊರೂರು ತಿರುಗಿ ಬಿಡಾರ ಹೂಡುವುದಕ್ಕೆ ನಮ್ಮಲ್ಲೂ ಮೇಳಗಳ ದೊಡ್ಡ ಪರಂಪರೆಯಿದೆ, ಅದು ಗೌರವದ ಕೆಲಸವೇ. ಆದರೆ ಮೇಳದವರು ತಾವು ತಿರುಗುವವರು ಎಂದು ಹೇಳಿಯೇ ತಿರುಗುತ್ತಾರೆ. ಟೀವಿಯ ಅನುಕೂಲಕ್ಕಾಗಿ ಮೂರು ನಾಲ್ಕು ಊರಿನಲ್ಲಿ ಡೇರೆ ಹೊಡೆದು, ತವರು ಎಂಬ ಮಾತನ್ನೂ ಬಿಡದೆ ಇಟ್ಟುಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ. ತವರೆಂದರೆ ಗೆದ್ದರೂ ಸೋತರೂ ಹೋಗಬಹುದಾದ ಜಾಗ. ಅಲ್ಲಿ ಬಾಗಿಲು ಇರಬೇಕು, ಬಾಗಿಲಲ್ಲಿ ಯಾರಾದರೂ ಇರಬೇಕು.

ಆಟಗಾರರು ಹೊರಗಿನವರು, ಕನ್ನಡದ ಹುಡುಗರಿಲ್ಲ ಎಂಬ ದೂರನ್ನು ಪಂದ್ಯ ನೋಡುವಾಗ ಪಕ್ಕದವರು ಹೇಳಿದರು. ಅದಕ್ಕೆ ನನ್ನ ಸಹಮತವಿಲ್ಲ. ಹಾಗೆ ನೋಡಿದರೆ ನಾವೆಲ್ಲ ಇರುವ ಮನೆಗೆ ಹೊರಗಿನಿಂದ ಬಂದವರೇ. ಹರಾಜಿನಲ್ಲಿ ಬಿದ್ದ ತಂಡಕ್ಕೆ ಹೋಗಿ ಅಲ್ಲಿಯವನಾಗಿ ಆಡಬೇಕು, ಮತ್ತೊಂದು ವರ್ಷ ಮತ್ತೊಂದು ಮನೆ. ದೆಹಲಿಯ ಪವನನನ್ನು ಬೆಂಗಳೂರು ತನ್ನವನೆಂದೇ ಮೆರೆಸಿತು. ನಮ್ಮವರೂ ಹೀಗೆ ಹೊರಗೆ ಬೆಳಗಿದ್ದಾರೆ. ಕರ್ನಾಟಕದ ಬಿ. ಸಿ. ರಮೇಶ್ ತರಬೇತುದಾರರಾಗಿ 2019ರಲ್ಲಿ ಬಂಗಾಳಕ್ಕೆ, 2024ರ ಮಾರ್ಚಿನಲ್ಲಿ ಪುಣೆಗೆ ಪ್ರಶಸ್ತಿ ಗೆಲ್ಲಿಸಿಕೊಟ್ಟರು. ಬೆಂಗಳೂರು ತಂಡದ ಮುಖ್ಯ ತರಬೇತುದಾರರಾಗಿ ಬಂದದ್ದು 2025ರಲ್ಲಿ. ಆ ವರ್ಷ ಬೆಂಗಳೂರಿನಲ್ಲಿ ಪಂದ್ಯವೇ ಇರಲಿಲ್ಲ!

ಇಷ್ಟೆಲ್ಲ ತವರಿನ ಜಗಳದಲ್ಲಿ ಆ ಶಬ್ದದ ಒಡತಿಯರು ಎಲ್ಲಿದ್ದಾರೆ? 2016ರಲ್ಲಿ ಇದೇ ಪ್ರೊ ಕಬಡ್ಡಿಯವರು ಗಂಡಸರ ಪಂದ್ಯಗಳ ಜೊತೆಗೆ ಮಹಿಳೆಯರದೊಂದು ಸಣ್ಣ ಪಂದ್ಯಾವಳಿ ನಡೆಸಿದರು. ಮೂರು ತಂಡ: ಫೈರ್ ಬರ್ಡ್ಸ್, ಐಸ್ ದಿವಾಸ್, ಸ್ಟಾರ್ಮ್ ಕ್ವೀನ್ಸ್. ಬೆಂಕಿಯ ಹೆಸರಿತ್ತು, ಹಿಮದ ಹೆಸರಿತ್ತು, ಬಿರುಗಾಳಿಯ ಹೆಸರೂ ಇತ್ತು. ಯಾವ ತಂಡಕ್ಕೂ ಒಂದು ಊರಿನ ಹೆಸರಿರಲಿಲ್ಲ. ಜುಲೈ 31ರಂದು ಹೈದರಾಬಾದಿನಲ್ಲಿ ನಡೆದ ಫೈನಲಿನಲ್ಲಿ ಸ್ಟಾರ್ಮ್ ಕ್ವೀನ್ಸ್ ಒಂದೇ ಅಂಕದಿಂದ, 24–23ರಿಂದ, ಫೈರ್ ಬರ್ಡ್ಸ್ ತಂಡವನ್ನು ಸೋಲಿಸಿತು. ಗೆದ್ದ ತಂಡದ ನಾಯಕಿ ತೇಜಸ್ವಿನಿ ಬಾಯಿ, ಸೋತ ತಂಡದ ನಾಯಕಿ ಕಾರ್ಕಳ ಕಡೆಯ ಮಮತಾ ಪೂಜಾರಿ. ಇಬ್ಬರೂ ಕರ್ನಾಟಕದವರು, ಇಬ್ಬರೂ ಅರ್ಜುನ ಪ್ರಶಸ್ತಿ ಪಡೆದವರು. ಒಂದಂಕದ ಫೈನಲಿಗಿಂತ ಹೆಚ್ಚಿನದನ್ನು ಯಾವ ಆಟದಿಂದ ಬಯಸೋಣ? ಮರುವರ್ಷ ಗಂಡಸರ ತಂಡಗಳು ಎಂಟರಿಂದ ಹನ್ನೆರಡಾದವು. ಹೆಂಗಸರ ಪಂದ್ಯಾವಳಿ ನಿಂತುಹೋಯಿತು.

ಆಡುವವರು ಮಾತ್ರ ನಿಲ್ಲಲಿಲ್ಲ. 2023ರ ಅಕ್ಟೋಬರ್ 7ರಂದು ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ನಮ್ಮ ಮಹಿಳಾ ತಂಡ ಚೀನಾ ತೈಪೆಯನ್ನು 26–25ರಿಂದ ಸೋಲಿಸಿ ಚಿನ್ನ ತಂದಿತು. ಆ ಕೂಟದಲ್ಲಿ ಭಾರತಕ್ಕೆ ಅದು ನೂರನೆಯ ಪದಕ. 2025ರ ನವೆಂಬರಿನಲ್ಲಿ ಢಾಕಾದಲ್ಲಿ ವಿಶ್ವಕಪ್ಪೂ ಬಂತು. ಇವರ ಅಂಕಣ ಗಂಡಸರದಕ್ಕಿಂತ ಚಿಕ್ಕದು, ಆಟದ ಅವಧಿಯೂ ಹತ್ತು ನಿಮಿಷ ಕಡಿಮೆ. ಸಭಾಂಗಣ ಬಾಡಿಗೆಗೆ ಹಿಡಿದು, ಮ್ಯಾಟು ಹಾಸಿ, ದೀಪ ಹಚ್ಚಿ, ಕ್ಯಾಮರಾ ನಿಲ್ಲಿಸಿದ ಮೇಲೆ ಅದೇ ಸಂಜೆ ಇನ್ನೊಂದು ಅರ್ಧ ತಾಸಿನ ಆಟ ಆಡಿಸುವುದು ಲೆಕ್ಕಕ್ಕೆ ನಿಲುಕದ ಖರ್ಚೇನಲ್ಲ.

ಹಾಂಗ್‌ಝೌ ಗೆಲುವು ಆಗಿ ಎರಡು ತಿಂಗಳಾಗಿತ್ತಷ್ಟೆ. ಪಂದ್ಯ ಮುಗಿದು ಜನ ಕರಗುವಾಗ ಹುಡುಗಿ ಕೇಳಿದಳು: "ಅತ್ತೇ, ಇವರ ಆಟ ನೋಡೂಕೆ ಇಲ್ಲಿಗೆ ಬಂದ್ವು. ಅವರ ಆಟ ನೋಡೂಕೆ ಎಲ್ಲಿಗೆ ಹೋಗಬೇಕು?" ಅವಳ ಕೇಳುವಿಕೆಯಲ್ಲಿ ಸಿಟ್ಟಿರಲಿಲ್ಲ, ಬಸ್ಸಿನ ವೇಳೆ ವಿಚಾರಿಸಿದ ಹಾಗಿತ್ತು. ಅವಳಿಗೆ ಬೇಕಾದದ್ದು ಒಂದು ವಿಳಾಸ. ಡಿಗ್ರಿ ಮುಗಿಯುವುದರೊಳಗೆ ಸಿಗದಿದ್ದರೆ ಅವಳು ಆಟ ಬಿಡುತ್ತಾಳೆ. ಬಿಡಿಸುವುದಕ್ಕೆ ಮನೆಯಲ್ಲಿ ಜನ ತಯಾರಿದ್ದಾರೆ. ರೈಲ್ವೆಯಲ್ಲೋ ಪೊಲೀಸಿನಲ್ಲೋ ಕ್ರೀಡಾ ಕೋಟಾದ ಕೆಲಸ ಸಿಕ್ಕವರು ಬಚಾವಾಗುತ್ತಾರೆ. ಉಳಿದವರ ಬೂಟು ಅಟ್ಟ ಸೇರುತ್ತದೆ. ಗಂಡುಹುಡುಗನಿಗೆ ಇಂಥ ಆಟದ ಹಿಂದೆ ಹರಾಜಿನ ಹಣವಾದರೂ ಕಾಣುತ್ತದೆ; ಮನೆಯವರ ಬಾಯಿ ಮುಚ್ಚಿಸಲು ಅಷ್ಟು ಸಾಕು.

ಬೆಂಗಳೂರಿನ ದೊಡ್ಡವರು ನನ್ನ ಮಾತು ಕೇಳಿ ಪಂದ್ಯಾವಳಿ ಬದಲಿಸುತ್ತಾರೆ ಎಂಬ ಭ್ರಮೆ ನನಗಿಲ್ಲ. ಆದರೆ ನಮ್ಮೂರುಗಳ ಯುವಕ ಮಂಡಳದವರು ವಂತಿಗೆ ಕೇಳಲು ಬರುವುದು ನಮ್ಮ ಬಾಗಿಲಿಗೇ. ರಸೀದಿ ಪುಸ್ತಕ ಬಿಚ್ಚುವ ಮೊದಲು ಅವರಿಗೆ ಎರಡು ಮಾತು ಹೇಳಬಹುದು. ಹಗ್ಗದ ಪಕ್ಕ ಒಂದು ಬದಿಯ ಬೆಂಚು ಹೆಂಗಸರಿಗೆ ಇರಲಿ. ಹುಡುಗಿಯರದೊಂದು ಪಂದ್ಯ ಇರಲಿ, ಅದನ್ನು ಸಂಜೆ ನಾಲ್ಕರ ಬಿಸಿಲಿಗೆ, ಖಾಲಿ ಕುರ್ಚಿಗಳ ಎದುರು ಮುಗಿಸಿಬಿಡದೆ, ದೀಪ ಹತ್ತಿದ ಮೇಲೆ ಎಂಟು ಗಂಟೆಗೆ, ಊರಿನ ಹೆಸರು ಕೂಗಿ ಆಡಿಸಲಿ. ಮನೆಯಲ್ಲಿ ಆ ಒಂದು ರಾತ್ರಿ ಬಡಿಸಿಕೊಂಡು ಉಣ್ಣಲು ಗಂಡಸರಿಗೆ ಬರುತ್ತದೆ.