ಥೋರ್ ಹೊಳೆ ದಾಟಿದ್ದು ಪಾಪ ತೊಳೆಯಲಿಕ್ಕಲ್ಲ

ನಾರ್ಸ್ ಪುರಾಣದ ನದಿಗಳೆಂದರೆ ಆತ್ಮದ ಪಯಣದ ಸಂಕೇತ, ಶುದ್ಧೀಕರಣದ ಧಾರೆ ಎಂಬ ತೀರ್ಪು ಬಾಯಿಂದ ಬಾಯಿಗೆ ಹೋಗಿ ಈಗ ಶಾಸ್ತ್ರವಾಕ್ಯದ ಗತ್ತು ಪಡೆದಿದೆ. ಸತ್ತವರ ಹೆಲ್ ಲೋಕದ ದಾರಿಯಲ್ಲಿ ಗ್ಯೋಲ್ ಹರಿಯುತ್ತದೆ, ಅದಕ್ಕೆ ಚಿನ್ನ ಹೊದಿಸಿದ ಸೇತುವೆಯಿದೆ ಎಂದೊಡನೆ ನಮ್ಮವರಿಗೆ ವೈತರಣಿ ನೆನಪಾಗುತ್ತದೆ, ಯುರೋಪಿನವರಿಗೆ ಸ್ಟಿಕ್ಸ್. ಅಲ್ಲಿಗೆ ಓದು ಮುಗಿಯಿತು.

ಈ ಸೋಮಾರಿತನಕ್ಕೆ ಹಾಸಿಗೆ ಹಾಸಿಕೊಟ್ಟವನು ಸ್ನೋರಿ ಸ್ಟುರ್ಲುಸನ್. ಐಸ್‌ಲೆಂಡ್ ಕ್ರೈಸ್ತವಾಗಿ ಎರಡು ಶತಮಾನ ಕಳೆದ ಮೇಲೆ, 1220ರ ಸುಮಾರಿಗೆ ಗದ್ಯ ಎಡ್ಡಾ ಬರೆದ ಈ ಜಾಣ, ಹನ್ನೊಂದು ನದಿಗಳನ್ನು ಹ್ವೆರ್ಗೆಲ್ಮಿರ್ ಎಂಬ ಒಂದೇ ಬುಗ್ಗೆಯಿಂದ ಹೊರಡಿಸಿದ. ಎಲಿವಾಗರ್ ನದಿಗಳ ವಿಷ ಹೆಪ್ಪುಗಟ್ಟಿ, ಕರಗಿ, ದೈತ್ಯ ಇಮಿರ್ ಹುಟ್ಟಿದ ಭೀಕರ ಕತೆಯನ್ನು ಭೂಗೋಳದ ಪಾಠದಷ್ಟು ಓರಣವಾಗಿ ಜೋಡಿಸಿದ. ಓರಣವಾದದ್ದಕ್ಕೆ ಅರ್ಥ ಅಂಟಿಸುವುದು ಸುಲಭ.

ನನ್ನ ಪಕ್ಷ ಐಲೀಫ್ ಗುಡ್ರೂನಾರ್ಸನ್ನನದು. ಹತ್ತನೆಯ ಶತಮಾನದ ಕೊನೆಯ ಈ ಕವಿಯ ‘ಥೋರ್ಸ್‌ದ್ರಾಪ’ವನ್ನು ಪಂಡಿತರು ಒಗಟಿನ ಗಂಟೆಂದು ಬದಿಗಿಡುತ್ತಾರೆ. ಗಂಟು ಹೌದು, ಒಂದೊಂದು ಸಾಲಿಗೂ ಮೂರು ಜನ ಮೂರು ಅರ್ಥ ಹೇಳುತ್ತಾರೆ. ಆದರೆ ದೇವರಾದ ಥೋರ್ ದೈತ್ಯರ ಹೊಳೆಗೆ ಇಳಿಯುವ ಭಾಗ ಓದಿ. ಊರುಗೋಲು ಕಲ್ಲಿಗೆ ಬಡಿಯುವ ಸದ್ದು ಅರದ ಸದ್ದಾಗುತ್ತದೆ, ಪ್ರವಾಹದ ಮೊರೆತ ಅಡಿಗಲ್ಲಿನ ಏಟಾಗುತ್ತದೆ. ಇಡೀ ನದಿ ಕಮ್ಮಾರಸಾಲೆಯಂತೆ ಕಿವಿಗೆ ಅಪ್ಪಳಿಸುತ್ತದೆ. ಜತೆಗಾರ ಥ್ಯಾಲ್ಫಿ ದೇವರ ಪಟ್ಟಿ ಹಿಡಿದು ಜೋತಾಡುತ್ತಾನೆ. ಇಲ್ಲಿ ಆತ್ಮ ಎಲ್ಲಿದೆ? ಭುಜದವರೆಗೆ ನೀರಿದೆ.

ಇದೇ ಪ್ರಸಂಗ ಸ್ನೋರಿಯ ಕೈಯಲ್ಲಿ ವಿನೋದವಾಗುತ್ತದೆ. ಪಟ್ಟಿಗೆ ಜೋತವನು ಕಿಡಿಗೇಡಿ ಲೋಕಿಯಾಗುತ್ತಾನೆ. ದೈತ್ಯೆ ಗ್ಯಾಲ್ಪ್ ವಿಮುರ್ ನದಿಯ ಎರಡೂ ದಡಕ್ಕೆ ಕಾಲಿಟ್ಟು ನಿಂತು ನೀರುಬ್ಬಿಸುತ್ತಾಳೆ, ಥೋರ್ ಕಲ್ಲೆಸೆಯುತ್ತಾನೆ. ನಗು ಬರುತ್ತದೆ, ಭಯ ಹೋಗುತ್ತದೆ. (ಐಲೀಫನ ಕಾವ್ಯ ಉಳಿದದ್ದೇ ಸ್ನೋರಿಯ ಗ್ರಂಥದಿಂದ ಎಂದು ನೆನಪಿಸುವವರಿಗೆ ನನ್ನ ಉತ್ತರ: ಋಣ ಒಪ್ಪುತ್ತೇನೆ, ರುಚಿ ಒಪ್ಪುವುದಿಲ್ಲ.)

‘ಗ್ರಿಮ್ನಿಸ್ಮಾಲ್’ ಕಾವ್ಯದಲ್ಲೂ ಉಳಿದ ದೇವರುಗಳು ಕುದುರೆಯೇರಿ ಇಗ್‌ದ್ರಾಸಿಲ್ ಮರದಡಿಯ ನ್ಯಾಯಸಭೆಗೆ ಹೋಗುವಾಗ ಥೋರ್ ಮಾತ್ರ ದಿನವೂ ಕೋರ್ಮ್ತ್, ಓರ್ಮ್ತ್, ಎರಡು ಕೆರ್ಲೌಗ್‌ಗಳನ್ನು ನಡೆದೇ ದಾಟುತ್ತಾನೆ. ಇದನ್ನು ನಿತ್ಯಸ್ನಾನವೆಂದು ಬಗೆಯುವ ವ್ಯಾಖ್ಯಾನಕ್ಕೆ ಏನೆನ್ನೋಣ! ಈ ಕಾವ್ಯಗಳನ್ನು ಬರೆದಿಟ್ಟ ಐಸ್‌ಲೆಂಡಿನಲ್ಲಿ ಹೊಳೆ ದಾಟುವುದು ದಿನದ ಗಂಡಾಂತರವಾಗಿತ್ತು. ದಕ್ಷಿಣದ ಸ್ಕೇಯ್ದರಾ ನದಿಗೆ ಸೇತುವೆ ಬಿದ್ದು ದ್ವೀಪದ ಸುತ್ತು ರಸ್ತೆ ಪೂರ್ತಿಯಾದದ್ದು 1974ರಲ್ಲಿ. 1996ರಲ್ಲಿ ಹಿಮದಡಿಯ ಜ್ವಾಲಾಮುಖಿ ಕರಗಿಸಿದ ನೀರು ನುಗ್ಗಿ ಅದೇ ರಸ್ತೆಯನ್ನು ಮತ್ತೆ ಕಡಿದುಹಾಕಿತು.

ಅಸಲಿಗೆ ಜಗಳ ನದಿಗಳದ್ದಲ್ಲ. ಯಾವುದೇ ವಸ್ತುವಿಗೆ ‘ಆಧ್ಯಾತ್ಮಿಕ’ ಅಂಗಿ ತೊಡಿಸದೆ ಗೌರವ ಕೊಡಲಾರದ ರುಚಿಯೊಂದು ನಮ್ಮ ಕಾಲವನ್ನು ಹಿಡಿದಿದೆ. ಅದಕ್ಕೆ ತಣ್ಣನೆಯ ನೀರು ಬರೀ ತಣ್ಣಗಿದ್ದರೆ ಸಾಲದು. ‘ವೋಲುಸ್ಪಾ’ ಕಾವ್ಯದಲ್ಲಿ ಆಣೆ ಮುರಿದವರು, ಕೊಲೆಗಡುಕರು ಭಾರವಾದ ಹೊಳೆಗಳಲ್ಲಿ ಕಾಲೆಳೆದು ನಡೆಯುತ್ತಾರಲ್ಲ, ಅದು ನೀತಿಯ ಸಂಕೇತವಲ್ಲವೇ ಎನ್ನಬಹುದು. ಇರಲಿ. ಅಲ್ಲಿಯೂ ಯಾರೊಬ್ಬರೂ ಮೈ ತೊಳೆದುಕೊಂಡು ದಡ ಸೇರುವುದಿಲ್ಲ. ಶುದ್ಧೀಕರಣದ ವ್ಯಾಖ್ಯಾನಕಾರರು ಆ ಜಾಗ ಬಂದಾಗ ಪುಟ ಮಗುಚುತ್ತಾರೆ.