ಯುದ್ಧದ ನೆನಪು: ಲಾವಣಿ ಮತ್ತು ನಾಟಕ

ಯುದ್ಧದ ಇತಿಹಾಸವನ್ನು ಕಾಗದಪತ್ರಗಳಿಂದ ಅರಿಯುವುದು ಒಂದು ದಾರಿ. ಹಾಡು, ಆಟ, ನಾಟಕಗಳಿಂದ ಅರಿಯುವುದು ಇನ್ನೊಂದು. ಈ ಎರಡನೆಯ ದಾರಿ ಹಿಡಿದವರು ಸಾಮಾನ್ಯವಾಗಿ ಲಾವಣಿಯನ್ನೂ ನಾಟಕವನ್ನೂ ಒಂದೇ ಬಗೆಯ ಸಾಕ್ಷ್ಯವೆಂದು ಎಣಿಸುತ್ತಾರೆ. ಎರಡೂ ಸಾಕ್ಷ್ಯಗಳೇ ಅಹುದು. ಆದರೆ ಅವು ಸಾಕ್ಷಿ ನುಡಿಯುವುದು ಬೇರೆ ಬೇರೆ ಕಾಲಗಳಿಗೆ. ಉತ್ತರ ಕರ್ನಾಟಕದ ಎರಡು ಯುದ್ಧಗಳನ್ನು ಮುಂದಿಟ್ಟುಕೊಂಡು ಈ ಮಾತನ್ನು ವಿವೇಚಿಸುವುದು ಪ್ರಕೃತ ಲೇಖನದ ಉದ್ದೇಶ.

ಮೊದಲು ಹಲಗಲಿಯನ್ನು ನೋಡೋಣ. 1857ರಲ್ಲಿ ಕಂಪನಿ ಸರಕಾರ ಜನರ ಆಯುಧಗಳನ್ನು ಒಪ್ಪಿಸಿಕೊಳ್ಳಹೊರಟಾಗ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಅದನ್ನು ಧಿಕ್ಕರಿಸಿದರು. ನವೆಂಬರದ ಕೊನೆಗೆ ದಂಡು ಊರಿನ ಮೇಲೆ ಬಿದ್ದಿತು. ಡಿಸೆಂಬರದಲ್ಲಿ 19 ಜನರನ್ನು ಗಲ್ಲಿಗೇರಿಸಿದರು. ಈ ಸಂಗತಿಯನ್ನು ಕುರಿತ ಲಾವಣಿ ನಮ್ಮ ವಿದ್ಯಾರ್ಥಿಗಳಿಗೆ ಪಠ್ಯಪುಸ್ತಕಗಳ ಮೂಲಕ ಪರಿಚಿತವಾದುದು. ಅದರಲ್ಲಿ ಜಡಗ, ಬಾಲ ಮೊದಲಾದ ವೀರರ ಹೆಸರುಗಳಿವೆ. ಆದರೆ ಅದರ ಕಾವ್ಯಶಕ್ತಿ ಪ್ರಕಟವಾಗುವುದು ಕಾಳಗದ ವರ್ಣನೆಯಲ್ಲಿಗಿಂತ ಹೆಚ್ಚಾಗಿ ಲೂಟಿಯ ವರ್ಣನೆಯಲ್ಲಿ. ದಂಡಿನವರು ಕೊಂಡೊಯ್ದ ವಸ್ತುಗಳನ್ನು ಕವಿ ಒಂದೊಂದಾಗಿ ಎಣಿಸುತ್ತಾನೆ: ಕೊಡಲಿ, ಹಾಲು, ಉಪ್ಪು, ಅರಿಷಿಣ, ಮಂಗಳಸೂತ್ರ, ಕೊನೆಗೆ ಬೀಸುವ ಕಲ್ಲು. ಇದನ್ನು ಬರಿಯ ಪಟ್ಟಿಯೆಂದು ತಳ್ಳಿಹಾಕುವುದು ಸಲ್ಲದು. ಹತಾರ ಕೇಳಲು ಬಂದ ಸರಕಾರ ಅಡಿಗೆಮನೆಯನ್ನೂ ಬಿಡಲಿಲ್ಲವೆಂಬ ಅರ್ಥ ಆ ಪದಗಳ ಅನುಕ್ರಮದಿಂದಲೇ ಹೊಮ್ಮುತ್ತದೆ. ಕವಿ ಬೇರೆ ವ್ಯಾಖ್ಯಾನ ಮಾಡಬೇಕಾಗಿಲ್ಲ; ಮನೆಯಲ್ಲಿ ಬೀಸುವ ಕಲ್ಲಿದ್ದ ಕೇಳುಗನಿಗೆ ಅದು ತಾನಾಗಿ ತಿಳಿಯುತ್ತದೆ.

ಇಂಥ ಹಾಡುಗಳನ್ನು ಮೊದಲು ಅಚ್ಚಿಗೆ ತಂದವರಲ್ಲಿ ಜೆ. ಎಫ್. ಫ್ಲೀಟ್ ಪ್ರಮುಖರೆಂಬುದು ಗಮನಾರ್ಹ. ಮುಂಬಯಿ ಸರಕಾರದ ಅಧಿಕಾರಿಯಾಗಿದ್ದ ಆ ಶಾಸನತಜ್ಞರು 1880ರ ದಶಕದಲ್ಲಿ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಸಂಗೊಳ್ಳಿ ರಾಯಣ್ಣನ ಲಾವಣಿಯನ್ನು ಅನುವಾದದೊಡನೆ ಪ್ರಕಟಿಸಿದರು. 1831ರಲ್ಲಿ ನಂದಗಡದಲ್ಲಿ ಯಾವ ಆಳರಸರು ರಾಯಣ್ಣನನ್ನು ನೇಣಿಗೆ ಹಾಕಿದರೋ ಅವರ ಪರಂಪರೆಯ ಅಧಿಕಾರಿಯೇ ಆತನ ಹಾಡನ್ನು ಕಾಪಾಡಿದಂತಾಯಿತು. ಆದರೆ ಅಚ್ಚಿನಲ್ಲಿ ಉಳಿದುದು ಪದ ಮಾತ್ರ. ಡಪ್ಪು, ತುಂತುಣಿ, ತಾಳಗಳೊಡನೆ ಮೇಳದವರು ಎತ್ತಿಕೊಳ್ಳುವ ಸೊಲ್ಲು ಅಲ್ಲಿಲ್ಲ. ಧಾರವಾಡದ ನೆರೆಯ ಹೆಬ್ಬಳ್ಳಿಯಂಥ ಊರಿನ ಕೇಳುಗನಿಗೆ ಸಂಗೊಳ್ಳಿ, ಕಿತ್ತೂರು, ನಂದಗಡಗಳು ದೂರದ ಹೆಸರುಗಳಲ್ಲ. ಲಾವಣಿಕಾರ ಸ್ಥಳವರ್ಣನೆಗೆ ನಿಲ್ಲದೆ ಮುಂದುವರಿಯಬಲ್ಲನಾದರೆ ಅದಕ್ಕೆ ಇದೇ ಕಾರಣ.

ಇನ್ನು ನಾಟಕದ ಮಾತು. ಕಿತ್ತೂರು ಚೆನ್ನಮ್ಮನೆಂದೊಡನೆ ನಮಗೆ ನೆನಪಾಗುವುದು ಕಪ್ಪವನ್ನೇಕೆ ಕೊಡಬೇಕೆಂದು ಆಕೆ ಥ್ಯಾಕರೆಯನ್ನು ಪ್ರಶ್ನಿಸುವ ಸನ್ನಿವೇಶ. ಶಾಲೆಯ ರಂಗಮಂಚದಲ್ಲಿಯೂ 1961ರ ಚಲನಚಿತ್ರದಲ್ಲಿಯೂ ಅದೇ ಮೆರೆದಿದೆ. ಆದರೆ 1824ರ ಕಲಹದ ಮೂಲ ದತ್ತಕದ ಪ್ರಶ್ನೆ. ಶಿವಲಿಂಗಪ್ಪನನ್ನು ದತ್ತು ಪುತ್ರನೆಂದು ಕಂಪನಿ ಮನ್ನಿಸಲಿಲ್ಲ. ಆ ಅಕ್ಟೋಬರ 23ರಂದು ಕೋಟೆಯ ಮುಂದೆ ಥ್ಯಾಕರೆ ಹತನಾದುದು ಈ ವಿವಾದದಲ್ಲಿ. ಕಪ್ಪವನ್ನಾದರೋ ಸಂಸ್ಥಾನವು 1818ರ ಒಪ್ಪಂದದಂತೆ ಸಲ್ಲಿಸುತ್ತಲೇ ಇದ್ದಿತು.

ಹಾಗಾದರೆ ನಾಟಕ ಸುಳ್ಳು ಹೇಳಿತೇ? ಹಾಗೆನ್ನಲು ನಾವು ಸಿದ್ಧರಿಲ್ಲ. ದತ್ತಕದ ನ್ಯಾಯ ಅರಮನೆಗೆ ಸಂಬಂಧಿಸಿದುದು. ತೆರಿಗೆ ಪ್ರತಿಯೊಬ್ಬ ಪ್ರೇಕ್ಷಕನಿಗೂ ಸಂಬಂಧಿಸಿದುದು. 1930ರಿಂದ 1932ರವರೆಗೆ ಅಂಕೋಲೆ, ಸಿದ್ದಾಪುರಗಳ ರೈತರು ಕರನಿರಾಕರಣೆಗಾಗಿ ಹೊಲಮನೆಗಳನ್ನು ಕಳೆದುಕೊಂಡಿದ್ದರು. ಆ ನೆನಪುಳ್ಳ ನಾಡಿಗೆ ರಾಣಿಯ ಪ್ರಶ್ನೆ ತನ್ನದೇ ಪ್ರಶ್ನೆಯಾಗಿ ಕೇಳಿಸಿತು. ನಾಟಕವು ದಾಖಲಿಸಿದ್ದು ಕಿತ್ತೂರಿನ ಯುದ್ಧಕ್ಕಿಂತ ಹೆಚ್ಚಾಗಿ ಪ್ರೇಕ್ಷಕರ ಹೋರಾಟವನ್ನು.

ಆದರೂ ಈ ಲಾಭದೊಡನೆ ಒಂದು ನಷ್ಟವನ್ನೂ ಹೇಳಬೇಕಾಗಿದೆ. ರಂಗದ ಮೇಲೆ ಯುದ್ಧವೆಂದರೆ ಒಬ್ಬರ ಮಾತು, ಒಬ್ಬರ ಮರಣ. ಊರು ಹಿನ್ನೆಲೆಯ ಪರದೆಯಾಗುತ್ತದೆ. ಹಲಗಲಿಯ ಲಾವಣಿಯಲ್ಲಿ ವೀರರು ಬಿದ್ದ ಮೇಲೂ ಹಾಡು ನಿಲ್ಲದೆ ಸುಟ್ಟ ಊರಿನವರೆಗೆ ಸಾಗುತ್ತದೆ. ಯುದ್ಧದಿಂದ ಯಾರಿಗೆ ಏನಾಯಿತೆಂಬ ಪ್ರಶ್ನೆಗೆ ಉತ್ತರ ದೊರೆಯುವುದು ಅಲ್ಲಿಯೇ.

ಆದುದರಿಂದ ಇವುಗಳನ್ನು ಪಾಠ ಹೇಳುವವರು ಇಸವಿಗಳನ್ನು ತಾಳೆನೋಡಿ ತಪ್ಪುಒಪ್ಪು ಗುರುತಿಸುವುದಕ್ಕೆ ಮೊದಲು, ಈ ಕೃತಿ ಯಾರ ಮುಂದೆ ಯಾವಾಗ ಹಾಡಲ್ಪಟ್ಟಿತು, ಆಡಲ್ಪಟ್ಟಿತು ಎಂದು ಕೇಳುವುದು ಯುಕ್ತ. ಹಾಡುವವರು ಇರುವಾಗಲೇ ಅವರವರ ಪಾಠಾಂತರಗಳನ್ನು ಧ್ವನಿಸಹಿತ ಸಂಗ್ರಹಿಸುವ ಕೆಲಸವೂ ಇದರೊಡನೆ ನಡೆಯಬೇಕು. ಫ್ಲೀಟರ ಪುಟಗಳಲ್ಲಿ ಇಲ್ಲದ ಸೊಲ್ಲು ದೊರೆಯುವುದು ಅವರ ಕಂಠದಲ್ಲಿ ಮಾತ್ರ.